ಉಳಿದ ಅರ್ಧ ಸ್ವರ

"ಕ್ಷಮಿಸಿ... ಆ ಸ್ವರವನ್ನ ಯಾರೂ ನುಡಿಸಿಲ್ಲ."

ತೊಗಾವಾ ಮಿಸುಜು ಇಷ್ಟು ಹೇಳಿ ಪೆನ್ಸಿಲ್ ಕೆಳಗಿಟ್ಟಳು. ಕೋಣೆಯಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು!

ನಗೋಯಾದ ಆ ಕಚೇರಿಯಲ್ಲಿ ಜನ ಬಂದು ತಾವೇ ಹಾಡುವ ಕರೋಕೆ ಅಂಗಡಿಗಳಿಗೆ ಬೇಕಾದ ಹಿನ್ನೆಲೆ ಸಂಗೀತ ತಯಾರಾಗುತ್ತಿತ್ತು. ಹೊಸ ಹಾಡು ಬಂದ ಕೂಡಲೇ ಕೇಳಿ, ಅದರಲ್ಲಿ ಒಂದೊಂದು ವಾದ್ಯ ನುಡಿಸಿದ್ದನ್ನೂ ಬರೆದಿಡುವುದು ಮಿಸುಜುವಿನ ಕೆಲಸ. ಇಪ್ಪತ್ತೆರಡು ವರ್ಷದಿಂದ ಬರೀ ಕಿವಿ, ಕಾಗದ, ಪೆನ್ಸಿಲ್. ಈಗ ಅದನ್ನೇ ಮೂರು ನಿಮಿಷದಲ್ಲಿ ಮಾಡುವ ಸಾಫ್ಟ್‌ವೇರ್ ಬಂದಿತ್ತು. ಅದನ್ನು ಹೊತ್ತುಕೊಂಡು ಟೋಕಿಯೋದಿಂದ ಕುಸಾನೊ ಶೂಹೆಯಿ ಎಂಬ ನಲವತ್ತೆರಡರ ಮನುಷ್ಯನೂ ಬಂದಿದ್ದ. ಮೇಲಧಿಕಾರಿ ಓಬಾ ಇಬ್ಬರಿಗೂ ಒಂದೇ ಹಾಡು ಕೊಟ್ಟು ಪಂದ್ಯ ಹೂಡಿದ್ದರು.

ಕುಸಾನೊ ಪರದೆ ನೋಡಿದ. "ಇಲ್ಲಿ ತೋರಿಸ್ತಿದೆಯಲ್ಲ..."

"ತೋರಿಸತ್ತೆ. ದೊಡ್ಡ ಡ್ರಮ್ಮಿನ ಗುಂಯ್ ಅನ್ನೋದನ್ನ ಸ್ವರ ಅಂತ ತಿಳ್ಕೊಂಡಿದೆ. ಕಣ್ಣು ಮುಚ್ಕೊಂಡು ಕೇಳಿ."

ಅವನು ಕೇಳಿದ. ಮೂರು ಸಲ ಕೇಳಿದ. ಆಮೇಲೆ ಎದ್ದು ನಿಂತು ಸೊಂಟ ಬಗ್ಗಿಸಿ ವಂದಿಸಿ, ಮನೆತನದ ಹೆಸರಿಗೆ ಗೌರವದ ‘ಸಾನ್’ ಸೇರಿಸಿ ಹೇಳಿದ.

"ಸೋತೆ, ತೊಗಾವಾ ಸಾನ್. ಇನ್ಮೇಲೆ ಕಲಿಸಿಕೊಡಿ."

ಅವನ ದನಿ ‘ಫಾ’ದಲ್ಲಿ ನಿಂತಿತ್ತು. ಮಿಸುಜುವಿಗೆ ಚಿಕ್ಕಂದಿನಿಂದಲೂ ಹಾಗೆಯೇ. ಬಾಗಿಲು ಕಿರುಗುಟ್ಟಿದರೂ ಬೆಕ್ಕು ಕೂಗಿದರೂ ಪಾಶ್ಚಾತ್ಯ ಸ್ವರಗಳಾದ ಡೊ ರೆ ಮಿ ಫಾ ಸೊ ಲಾದಲ್ಲಿ ಅದರ ಹೆಸರು ತಾನಾಗಿ ಮನಸ್ಸಿಗೆ ಬಂದುಬಿಡುತ್ತಿತ್ತು. ಇದು ವರವೋ ಶಾಪವೋ ಅವಳಿಗೇ ತಿಳಿಯದು. ಟ್ರೈನಿನಲ್ಲಿ ನೆಮ್ಮದಿಯಾಗಿ ತೂಕಡಿಸುವ ಜನರನ್ನು ಕಂಡರೆ ಅವಳಿಗೆ ಹೊಟ್ಟೆಕಿಚ್ಚು.

ಅಂದಿನಿಂದ ಅವಳು ಬರೆದದ್ದನ್ನು ಯಂತ್ರಕ್ಕೆ ತುಂಬಿ ಪರೀಕ್ಷಿಸುವುದು ಕುಸಾನೊನ ಪಾಲಿಗೆ ಬಂತು. ಒಬ್ಬರ ಹಾಳೆಯ ಮೇಲೆ ಇನ್ನೊಬ್ಬರು ಗೀಚಬಾರದು ಎಂಬುದು ಆ ಕಚೇರಿಯ ಕಟ್ಟಳೆ. ಅನುಮಾನವಿದ್ದರೆ ಮಾತಿನಲ್ಲಿ ಹೇಳಿ, ಧ್ವನಿಮುದ್ರಿಸಿ ಕಳಿಸಬೇಕು.

"ತೊಗಾವಾ ಸಾನ್, ಕುಸಾನೊ ಮಾತಾಡ್ತಿದ್ದೀನಿ. ಹದಿನೇಳನೇ ಸಾಲಲ್ಲಿ ಒಂದು ಅನುಮಾನ..."

ದಿನಕ್ಕೆ ಇಂಥವು ನಾಲ್ಕು, ಐದು. ಎರಡು ವರ್ಷ.

ಎರಡನೇ ಚಳಿಗಾಲದ ಹೊತ್ತಿಗೆ ಅವಳಿಗೊಂದು ವಿಷಯ ಹೊಳೆಯಿತು. ಅವನ ದನಿ ‘ಫಾ’ದಲ್ಲಿ ಉಳಿದಿರಲಿಲ್ಲ. ಅದು ‘ಸೊ’ಗೆ ಏರಿತ್ತು. ಇಡೀ ಒಂದು ಸ್ವರ!

‘ಗಂಡಸಿನ ದನಿ ಸುಮ್ಮಸುಮ್ಮನೆ ಏರತ್ತಾ? ಇಷ್ಟವಾದವರ ಮುಂದೆ ಮಾತ್ರ ಹಾಗಾಗತ್ತೆ ಅಂತಾರಲ್ಲ...’

ಹಾಗೆಂದುಕೊಂಡು ತಾನೇ ನಾಚಿದಳು. ಒಂದು ಮದುವೆ ಮುರಿದುಬಿದ್ದು ಹನ್ನೊಂದು ವರ್ಷವಾಗಿತ್ತು. ಮೈಯೆಲ್ಲ ದಣಿದ ನಲವತ್ತಾರರ ಹೆಂಗಸಿಗೆ ಬೆಳಿಗ್ಗೆ ಎದ್ದು ಕಚೇರಿಗೆ ಹೋಗಲು ಒಂದು ನೆಪ ಬೇಕಿತ್ತು. ಆ ‘ಸೊ’ ಅಂಥ ನೆಪವಾಯಿತು.

ಫೆಬ್ರವರಿಯಲ್ಲಿ ಓಬಾ ಎಲ್ಲರನ್ನೂ ಕರೆದರು. ಏಪ್ರಿಲ್‌ನಿಂದ ಈ ವಿಭಾಗಕ್ಕೆ ಒಂದೇ ಕುರ್ಚಿ. ಕಿವಿ ಉಳಿಯಬೇಕು, ಇಲ್ಲವೇ ಯಂತ್ರ.

ಅದೇ ವಾರ ಕುಸಾನೊ ಜ್ವರವೆಂದು ರಜೆ ಹಾಕಿದ. ಹಳೆಯ ಹಾಳೆಯೊಂದನ್ನು ಹುಡುಕುತ್ತ ಮಿಸುಜು ಅವನ ಮೇಜಿಗೆ ಹೋದಳು. ಅಲ್ಲೊಂದು ಪಟ್ಟಿ ಇತ್ತು. ಎಂಟು ತಿಂಗಳಿಂದ ಅವಳು ಬರೆದ ಹಾಡುಗಳೆಲ್ಲ ಸಾಲಾಗಿದ್ದವು. ಪ್ರತಿಯೊಂದರ ಮುಂದೆಯೂ ಒಂದೇ ಮಾತು: ‘ತೊಗಾವಾ. ಅರ್ಧ ಸ್ವರ ಇಳಿಸಿದೆ.’

‘ನನ್ನ ತಪ್ಪುಗಳ ಪಟ್ಟಿ! ಇಲ್ಲದ ತಪ್ಪು ಹುಟ್ಟಿಸಿ, ಓಬಾ ಸಾನ್ ಮುಂದಿಟ್ಟು ಕುರ್ಚಿ ಹೊಡೆಯೋ ಹುನ್ನಾರ... ನಗುನಗುತ್ತಾ ಕತ್ತು ಕೊಯ್ಯೋರು ಅಂದ್ರೆ ಇವರೇ!’

ಮೂರನೇ ದಿನ ಕುಸಾನೊ ಮಾಸ್ಕ್ ಹಾಕಿಕೊಂಡು ಬಂದ. ಮಿಸುಜು ಪಟ್ಟಿಯನ್ನು ಅವನ ಎದುರಿಗೆಸೆದಳು.

"ಏನ್ರೀ ಇದು? ಕಲಿಸಿಕೊಡಿ ಅಂದವರು ನೀವೇ ತಾನೆ? ಚೆನ್ನಾಗೇ ಕಲಿತಿರಿ!"

ಅವನು ಮೂಲೆಯಲ್ಲಿದ್ದ ಪಿಯಾನೋದ ಕಡೆ ನಡೆದ. ಅದರ ಮೇಲೆ ಧೂಳು ಹಿಡಿದಿದ್ದ ಉಕ್ಕಿನ ಶ್ರುತಿಕವೆಯನ್ನು ತಂದು ಅವಳ ಕೈಗಿಟ್ಟ. ಬಡಿದರೆ ಅದು ಯಾವತ್ತೂ ‘ಲಾ’ವನ್ನೇ ನುಡಿಯುತ್ತದೆ. ಹುಟ್ಟಾ ಸ್ವರಜ್ಞಾನ ಇದ್ದವಳಿಗೆ ಕವೆಯ ಹಂಗೇಕೆ? ಮಿಸುಜು ಅದನ್ನು ಮುಟ್ಟಿ ವರ್ಷಗಳೇ ಆಗಿದ್ದವು.

ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದಳು.

ಕೇಳಿಸಿದ್ದು ‘ಲಾ’ ಅಲ್ಲ. ಅದಕ್ಕಿಂತ ಅರ್ಧ ಸ್ವರ ಮೇಲೆ.

ಮತ್ತೊಮ್ಮೆ ಬಡಿದಳು... ಮತ್ತೂ ಅದೇ.

"ವೈದ್ಯರನ್ನ ಕೇಳ್ದೆ," ಕುಸಾನೊ ಮೆಲ್ಲಗೆ ಹೇಳಿದ. "ವಯಸ್ಸಾದ ಹಾಗೆ ಇಂಥ ಕಿವಿಯವರಲ್ಲಿ ಕೆಲವರಿಗೆ ಎಲ್ಲಾನೂ ಒಂಚೂರು ಮೇಲೆ ಕೇಳಿಸತ್ತಂತೆ. ನಿಮ್ಮ ತಪ್ಪೇನಿಲ್ಲ. ನೀವು ಅರ್ಧ ಮೇಲೆ ಬರೆದದ್ದನ್ನ ಯಂತ್ರಕ್ಕೆ ತುಂಬುವಾಗ ನಾನೇ ಇಳಿಸ್ತಿದ್ದೆ."

"ಎಂಟು ತಿಂಗಳಿಂದ ಗೊತ್ತಿದ್ದೂ ಸುಮ್ಮನಿದ್ರಾ!"

"ಹೇಳಿದ್ರೆ ಓಬಾ ಸಾನ್ ಕಿವಿಗೆ ಬೀಳತ್ತೆ... ನಿಮ್ಮನ್ನ ಕಳಿಸಿಬಿಡ್ತಾರೆ ಅಂತ..."

"ಅಂದ್ರೆ ಕನಿಕರ! ನಿಮ್ಮ ಕನಿಕರ ಯಾರಿಗೆ ಬೇಕಿತ್ತು?"

ಅಂದು ಸಂಜೆ ಟ್ರೈನಿನಲ್ಲಿ ಕೂತಾಗ ಅವಳಿಗೆ ಎಲ್ಲವೂ ಅರ್ಥವಾಗತೊಡಗಿತು. ನಿಲ್ದಾಣದ ಗಂಟೆ ಏರಿತ್ತು. ಓಬಾರ ಕೆಮ್ಮು ಏರಿತ್ತು. ‘ಈಗಿನ ಗಾಯಕರು ಎಲ್ಲಾನೂ ಎತ್ತರಕ್ಕೇ ಹಾಡ್ತಾರೆ’ ಎಂದು ತಾನು ಗೊಣಗುತ್ತಿದ್ದದ್ದೂ ಇದಕ್ಕೇ. ಏರಿದ್ದು ಅವರ್ಯಾರೂ ಅಲ್ಲ. ತನ್ನ ಕಿವಿ.

ಹಾಗಾದರೆ ಆ ‘ಸೊ’?

‘ಅದೂ ಅಷ್ಟೇ... ಅವರು ನನಗೋಸ್ಕರ ದನಿ ಎತ್ತಲೇ ಇಲ್ಲ. ಕೆಟ್ಟ ಕಿವಿ ನಂಬ್ಕೊಂಡು ಮನೆ ಕಟ್ಟಿದೆನಲ್ಲ, ಛೇ!’

ಅಳುವುದಕ್ಕೂ ತ್ರಾಣವಿರಲಿಲ್ಲ. ಕೆಲಸ ಹೋದೀತೆಂಬ ದುಃಖಕ್ಕಿಂತ ಇದೇ ಹೆಚ್ಚು ನೋಯಿಸಿತು. ಮನೆಗೆ ಹೋದವಳೇ ರಾಜೀನಾಮೆ ಬರೆದಳು.

ಆದರೆ ಸೋಮವಾರ ಹಲ್ಲುಜ್ಜುತ್ತಿದ್ದಾಗ ತಟ್ಟನೆ ಒಂದು ಲೆಕ್ಕ ಹೊಳೆಯಿತು. ಬ್ರಷ್ಷು ಬಾಯಲ್ಲೇ ನಿಂತಿತು!

ಏಳೂವರೆಗೆಲ್ಲ ಅವಳು ಕಚೇರಿಯಲ್ಲಿದ್ದಳು. ಇನ್ನೂ ಯಾರೂ ಬಂದಿರಲಿಲ್ಲ. ತನ್ನ ಕಿವಿಯನ್ನು ಇನ್ನು ತಾನೇ ನಂಬುವಂತಿರಲಿಲ್ಲ. ಹಾಗಾಗಿ ಜೀವನದಲ್ಲಿ ಮೊದಲ ಸಲ ಆ ಸಾಫ್ಟ್‌ವೇರ್ ಮುಂದೆ ಕೂತಳು. ಕುಸಾನೊ ಮೊದಲ ವಾರ ತನಗೆ ಕಳಿಸಿದ್ದ ಮಾತನ್ನು ಹಾಕಿದಳು. ಆಮೇಲೆ ಕಳೆದ ತಿಂಗಳದ್ದು. ಕೊನೆಗೆ ಅವನು ಬೇರೆಯವರಿಗೆ ಕಳಿಸಿದ್ದನ್ನೂ ಒಂದೊಂದಾಗಿ ಹಾಕಿದಳು. ಯಂತ್ರ ಗೆರೆ ಎಳೆಯುತ್ತ ಹೋಯಿತು.

ಎಂಟೂವರೆಗೆ ಬಂದ ಕುಸಾನೊ ಬಾಗಿಲಲ್ಲೇ ನಿಂತುಬಿಟ್ಟ. "ತೊಗಾವಾ ಸಾನ್... ನೀವು, ಅದರ ಮುಂದೆ?"

"ಕೂತ್ಕೊಳ್ಳಿ. ಒಂದು ಲೆಕ್ಕ ಕೇಳ್ಬೇಕು. ನೀವು ಬಂದಾಗ ನಿಮ್ಮ ದನಿ ‘ಫಾ’ದಲ್ಲಿತ್ತು. ಈಗ ನನಗೆ ‘ಸೊ’ ಕೇಳಿಸತ್ತೆ. ಅಂದ್ರೆ ಒಂದು ಸ್ವರ ಏರಿದೆ. ನನ್ನ ಕಿವಿ ಕೆಟ್ಟಿರೋದು ಎಷ್ಟು?"

"ಅರ್ಧ..."

"ಹಾಗಾದ್ರೆ ಉಳಿದ ಅರ್ಧ ಯಾರದ್ರೀ?"

ಕುಸಾನೊನ ಕಿವಿ ಕೆಂಪಾಯಿತು.

"ಶೀತ ಆಗಿತ್ತಲ್ಲ..." ತಡವರಿಸಿದ.

"ಕಳೆದ ತಿಂಗಳೂ ಶೀತಾನಾ? ಓಬಾ ಸಾನ್‌ಗೆ ಕಳಿಸಿದ್ರಲ್ಲಿ ‘ಫಾ’, ಲೆಕ್ಕಪತ್ರದವರಿಗೆ ಕಳಿಸಿದ್ರಲ್ಲಿ ‘ಫಾ’. ನನಗೆ ಕಳಿಸೋದ್ರಲ್ಲಿ ಮಾತ್ರ ಅರ್ಧ ಸ್ವರ ಮೇಲೆ! ಮೊದಲ ವಾರದ್ದೂ ಕಳೆದ ತಿಂಗಳದ್ದೂ ಹಾಕಿ ನೋಡಿದ್ದೀನಿ. ಇದು ನಿಮ್ಮದೇ ಯಂತ್ರ. ಬೇಕಾದ್ರೆ ಸುಳ್ಳು ಹೇಳತ್ತೆ ಅನ್ನಿ, ನಾನು ಎದ್ದು ಹೋಗ್ತೀನಿ."

ಅವನು ಮಾಸ್ಕ್ ತೆಗೆದು ಮಡಚಿಟ್ಟ.

"ಸುಳ್ಳು ಹೇಳ್ತಿಲ್ಲ," ಎಂದ. "ಮೊದಲನೇ ದಿನ ಕಣ್ಣು ಮುಚ್ಕೊಂಡು ಕೇಳಿ ಅಂದ್ರಲ್ಲ... ಕಣ್ಣು ಬಿಟ್ಟಾಗ ನೀವು ಎದುರಿಗಿದ್ರಿ. ಅವತ್ತಿಂದಾನೇ. ಕನಿಕರ ಅಲ್ಲ ಮಿಸುಜು ಸಾನ್, ಪ್ರೀತಿ. ಹೇಳೋಕೆ ಬಾಯಿ ಬರ್ಲಿಲ್ಲ."

ಅವನು ಮನೆತನದ ಹೆಸರು ಬಿಟ್ಟು ಅವಳದೇ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಎಷ್ಟೋ ವರ್ಷದ ದಣಿವು ಒಮ್ಮೆಗೇ ಕಣ್ಣಿಂದ ಇಳಿಯತೊಡಗಿತು. ಅವಳು ಚೀಲದಿಂದ ರಾಜೀನಾಮೆ ತೆಗೆದು ಎರಡು ಚೂರು ಮಾಡಿದಳು.

"ಓಬಾ ಸಾನ್‌ಗೆ ನಾನೇ ಹೋಗಿ ಹೇಳ್ತೀನಿ, ಕಿವಿ ಹೀಗಾಗಿದೆ ಅಂತ. ಇಟ್ಕೊಂಡ್ರೆ ಇಟ್ಕೊಳ್ಳಲಿ."

"ನಾನೂ ಬರ್ತೀನಿ. ಯಂತ್ರಕ್ಕೆ ಯಾರೂ ನುಡಿಸದೇ ಇದ್ದದ್ದು ಕೇಳಿಸತ್ತೆ, ನಿಮಗೆ ನುಡಿಸಿದ್ದೇ ಅರ್ಧ ಮೇಲೆ ಕೇಳಿಸತ್ತೆ. ಇಬ್ಬರೂ ಸೇರಿ ಒಂದು ಕುರ್ಚಿಗೆ ಸಾಕು ಅನ್ನೋಣ."

"ಒಂದು ಕುರ್ಚೀಲಿ ಇಬ್ಬರು ಹೇಗ್ರೀ ಕೂರೋದು?" ಅಳುವಿನ ನಡುವೆಯೇ ನಗು ಬಂತು. ಮರುಕ್ಷಣವೇ ಅವಳ ಮುಖ ಸಣ್ಣಗಾಯಿತು. "ಕುಸಾನೊ ಸಾನ್... ಇದು ಇಲ್ಲಿಗೇ ನಿಲ್ಲಲ್ಲ. ಇನ್ನು ಹತ್ತು ವರ್ಷಕ್ಕೆ ಇನ್ನೂ ಮೇಲೆ ಹೋಗಬಹುದು ನನ್ನ ಕಿವಿ."

"ಹೋಗ್ಲಿ. ಎಷ್ಟು ಹೋಯ್ತು ಅಂತ ಹೇಳೋಕೆ ನಾನು ಪಕ್ಕದಲ್ಲೇ ಇರ್ತೀನಿ."

"ಹೇಳ್ಬೇಕು ಮತ್ತೆ. ಮುಚ್ಚಿಡಬಾರದು."

"ಮುಚ್ಚಿಡಲ್ಲ," ಎಂದು ಅವನು ಅವಳ ಕೈ ಹಿಡಿದ.