ಹದಿನೆಂಟು ಮೀಟರ್ ನಲವತ್ತು

ಸೋಮವಾರ ಬೆಳಿಗ್ಗೆ 9.20ಕ್ಕೆ ಠಾಣೆಗೆ ಬಂದ ಟೈಲರ್ ಹೆಂಗಸು ದೂರನ್ನು ಬರೆದೇ ತಂದಿದ್ದಳು. ಜಲ್ಲಿ ಕಂಪನಿಯ ಗುಂಡಿಯ ಪಕ್ಕ ಅಂತರ್ಜಲ ಅಳೆಯುವ ಎರಡು ಕೊಳವೆಗಳಿವೆ, ಒಂದಕ್ಕೆ ಯಾರೋ ಬಾಯಿತನಕ ಕಲ್ಲು ಸುರಿದಿದ್ದಾರೆ ಎಂಬುದು ದೂರು. ಕೊನೆಯಲ್ಲಿ ಅವಳಿದ್ದ ಕೆಳಗಿನ ಬೀದಿಯ ನಲವತ್ತು ಮನೆಗಳವರ ಸಹಿ ಇತ್ತು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ಕಂಪನಿ ಮ್ಯಾನೇಜರ್ ಮೇಲೆ. ನಮ್ಮ ಬಾವಿ ಬತ್ತಿ ಒಂದು ವರ್ಷ ಆಯ್ತು ಸಾರ್. ಗುರುವಾರ ಅವರ ಹೊಸ ಗುಂಡಿ ಅನುಮತಿಗೆ ವಿಚಾರಣೆ. ಅದಕ್ಕೆ ಮುಂಚೆ, ಬುಧವಾರ, ಅಂತರ್ಜಲ ಇಲಾಖೆ ದೊಡ್ಡ ಆಫೀಸಿನವರು ಮರು ಅಳತೆಗೆ ಬರೋರಿದ್ರು."

"ಈಗ ಅಳೀತಿರೋದು ಯಾರು?"

"ಇಲಾಖೆ ಅಳತೆಗಾರ. ನನ್ನ ತಮ್ಮನೇ. ಪಾಪ, ಅವನ ಅನ್ನಕ್ಕೇ ಕಲ್ಲು ಹಾಕಿದ್ದಾರೆ."

9.50ಕ್ಕೆ ಎಫ್‌ಐಆರ್ ಆಯಿತು. ಶಾಯಿ ಆರುವ ಮೊದಲೇ ಮೇಲಿನವರ ಫೋನ್ ಬಂತು. "ಸ್ವಲ್ಪ ನೋಡಿ ಮಾಡಿ" ಎಂದರು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಆ ಮಾತಿನ ಅರ್ಥ ಇನ್‌ಸ್ಪೆಕ್ಟರಿಗೆ ಚೆನ್ನಾಗಿ ತಿಳಿದಿತ್ತು. ನೋಡಬೇಕು, ಮಾಡಬಾರದು.

11.15ಕ್ಕೆ ಇಬ್ಬರು ಪಂಚರು, ಮ್ಯಾನೇಜರ್ ಮತ್ತು ಅಳತೆಗಾರನ ಎದುರು ಸ್ಥಳ ಪಂಚನಾಮೆ ಶುರುವಾಯಿತು. ಹಳೆಯ ಗುಂಡಿಗೆ ಜೇಡಿಮಣ್ಣು ತುಂಬಿ, ಸಮ ಮಾಡಿ, ಸೈಟುಗಳಿಗೆ ಸುಣ್ಣದ ಗೆರೆ ಎಳೆದಿದ್ದರು. ಆಚೆಗೆ ಈಗಿನ ಗುಂಡಿಯಿಂದ ಪಂಪು ಬಿಡುವಿಲ್ಲದೆ ನೀರು ಎತ್ತಿ ಹೊರಗೆ ಚೆಲ್ಲುತ್ತಿತ್ತು. ಕೆಳಗಿನ ಬೀದಿಯ ಬಾವಿಗೆ ನೀರು ಬಸಿದು ಹೋಗುತ್ತಿದ್ದದ್ದೇ ನೆಲದೊಳಗಿನ ಈ ಜಲ್ಲಿಯ ಪದರದಲ್ಲಿ. ಜಲ್ಲಿ ಲಾರಿ ಹತ್ತಿತು, ಆ ಜಾಗಕ್ಕೆ ಜೇಡಿ ಬಂತು, ನೀರಿನ ದಾರಿ ಕಟ್ಟಿಹೋಯಿತು. ಇಷ್ಟಾದರೂ ಇಲಾಖೆಯ ಪುಸ್ತಕದಲ್ಲಿ ಎರಡು ವರ್ಷದಿಂದ ನೀರು ಹದಿನೆಂಟು ಮೀಟರ್ ನಲವತ್ತು ಸೆಂಟಿಮೀಟರ್ ಆಳದ ಆಸುಪಾಸಿನಲ್ಲೇ ಇತ್ತು. ಪುಸ್ತಕದ ಪ್ರಕಾರ ಕೆಳಗಿನ ಬೀದಿಯವರು ಸುಳ್ಳುಬುರುಕರು.

ಕಲ್ಲು ತುಂಬಿದ ಕೊಳವೆಯ ಮುಚ್ಚಳ ತೆರೆದೇ ಇತ್ತು, ಆದರೆ ಅದರ ಬೀಗ ಮುರಿದಿರಲಿಲ್ಲ.

"ಕೀಲಿ ಯಾರ ಹತ್ರ ಇದೆ?"

"ನಮಗೆ ಕೊಡಲ್ಲ ಸಾರ್," ಎಂದ ಮ್ಯಾನೇಜರ್. "ಕೊಟ್ರೆ ಒಳಗೆ ನಾವೇ ನೀರು ಸುರೀತೀವಿ ಅಂತ ಇಲಾಖೆಗೆ ಭಯ."

ಇದ್ದದ್ದು ಒಂದೇ ಕೀಲಿ, ಅಳತೆಗಾರನ ಸೊಂಟದಲ್ಲಿ. ಇನ್‌ಸ್ಪೆಕ್ಟರ್ ಅವನ ಎದುರು ನಿಂತು, ಎರಡನೇ ಕೊಳವೆಯಲ್ಲಿ ಅಳೆದು ತೋರಿಸಲು ಹೇಳಿದರು.

ಟೇಪಿನ ತುದಿಗೆ ಬುಡ ಟೊಳ್ಳಾದ ಹಿತ್ತಾಳೆಯ ಗುಂಡು. ನೀರು ತಾಗಿದರೆ ಟಪ್ ಎನ್ನುತ್ತದೆ, ಆಗ ಅಳತೆಗಾರ "ಬಂತು" ಎಂದು ಅಂಕಿ ಓದಬೇಕು. ಅವನು ತಲೆ ವಾರೆ ಮಾಡಿ, ಟೇಪು ಇಳಿಬಿಟ್ಟು, ಒಂದು ಕಡೆ ನಿಲ್ಲಿಸಿದ.

"ಬಂತು. ಹದಿನೆಂಟು ನಲವತ್ತು."

ಕೊಳವೆಗೆ ಕಿವಿಗೊಟ್ಟಿದ್ದ ಹೆಡ್ ಕಾನ್‌ಸ್ಟೇಬಲ್ ಸೊಂಟ ಹಿಡಿದುಕೊಂಡು ಎದ್ದರು. "ಏನೂ ಬರಲಿಲ್ಲವಲ್ಲ ಸಾರ್?"

ಅಳತೆಗಾರ ಆಗಲೇ ಪುಸ್ತಕದಲ್ಲಿ ಬರೆಯುತ್ತಿದ್ದ.

"ಇನ್ನೊಂದ್ಸಲ ಬಿಡ್ರಿ," ಇನ್‌ಸ್ಪೆಕ್ಟರ್ ಅವನ ಬೆನ್ನ ಹಿಂದಿನಿಂದ ಹೇಳಿದರು. ಅವನು ಬರೆಯುತ್ತಲೇ ಇದ್ದ. ಅವರು ತಾವೇ ಟೇಪು ತೆಗೆದುಕೊಂಡು ಇಳಿಸುತ್ತ ಹೋದರು. ಇಪ್ಪತ್ತು ದಾಟಿತು, ಇಪ್ಪತ್ತಮೂರು ದಾಟಿತು. ಇಪ್ಪತ್ತಾರು ಮೀಟರ್ ಹತ್ತಕ್ಕೆ ಟಪ್ ಎಂದಿತು. ಪಂಚರಿಬ್ಬರೂ ತಲೆ ಎತ್ತಿದರು, ಮ್ಯಾನೇಜರೂ ಎತ್ತಿದ. ಅಳತೆಗಾರ ಮಾತ್ರ ಎತ್ತಲಿಲ್ಲ.

ಇನ್‌ಸ್ಪೆಕ್ಟರ್ ಮುಂದೆ ಬಂದು ಟೇಪಿನ ಅಂಕಿಯನ್ನು ಅವನ ಮುಖದ ಮುಂದೆ ಹಿಡಿದರು. "ಎಷ್ಟು ದಿನದಿಂದ ಕೇಳಿಸ್ತಿಲ್ಲ?"

ಅವನು ಅಂಕಿ ನೋಡಿದ, ಅವರ ತುಟಿ ನೋಡಿದ. ಅಲ್ಲೇ ಕೊಳವೆಯ ಕಟ್ಟೆಯ ಮೇಲೆ ಕುಸಿದು ಕುಳಿತ. "ಎರಡು ವರ್ಷ ಸಾರ್."

ಮಧ್ಯಾಹ್ನ 3.10ಕ್ಕೆ ಹೇಳಿಕೆ ದಾಖಲಾಯಿತು. ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು ಕೊಟ್ಟರು.

"ಕಿವುಡ ಅಂತ ಗೊತ್ತಾದ್ರೆ ಕೆಲಸ ಹೋಗುತ್ತೆ, ಕ್ವಾರ್ಟರ್ಸೂ ಹೋಗುತ್ತೆ. ಹೆಂಡತಿ ಹಾಸಿಗೆ ಹಿಡಿದಿದ್ದಾಳೆ. ಶಬ್ದ ಕೇಳಿಸದಿದ್ದಾಗ ಹಿಂದಿನ ಅಂಕಿ ಬರೆದೆ. ಒಂದು ಸಲ ಬರೆದ ಮೇಲೆ ಮುಗೀತು ಸಾರ್. ನಿಜ ಬರೀಬೇಕು ಅಂದ್ರೆ ಹಿಂದೆ ಬರೆದಿದ್ದೆಲ್ಲ ಸುಳ್ಳು ಅಂತ ಒಪ್ಪಬೇಕು. ಬುಧವಾರ ಸಿಕ್ಕಿಬೀಳ್ತೀನಿ ಅಂತ ಕಲ್ಲು ಹಾಕ್ದೆ. ಎರಡನೇ ಕೊಳವೆಗೆ ಹಾಕೋಕೆ ಕೈ ಬರಲಿಲ್ಲ."

"ಮ್ಯಾನೇಜರ್ ಹೇಳಿಕೊಟ್ಟನಾ?"

"ಇಲ್ಲ. ಅವರಿಗೆ ನನ್ನ ಪುಸ್ತಕದಲ್ಲೇ ಬೇಕಾದ್ದು ಸಿಕ್ತಿತ್ತು."

4.40ಕ್ಕೆ ದಸ್ತಗಿರಿ. ಐದು ಗಂಟೆಗೆ ಅಕ್ಕ ಓಡೋಡಿ ಬಂದಳು. ಕೊರಳಲ್ಲಿ ಅಳತೆಯ ಪಟ್ಟಿ ಹಾಗೇ ನೇತಾಡುತ್ತಿತ್ತು.

"ದೂರು ವಾಪಸ್ ತಗೋತೀನಿ ಸಾರ್. ನಾನು ಹೇಳಿದ್ದು ತಪ್ಪು ಅಂತ ಬರಕೊಡ್ತೀನಿ."

ಇನ್‌ಸ್ಪೆಕ್ಟರಿಗೆ ಹೂಂ ಎನ್ನುವ ಆಸೆ ನಿಜವಾಗಿಯೂ ಆಯಿತು. ಹೂಂ ಅಂದರೆ ಮೇಲಿನವರೂ ತಣ್ಣಗಾಗುತ್ತಿದ್ದರು.

"ಬರಕೊಟ್ರೆ ಈ ಪಂಚನಾಮೆ ಮೂಲೆಗೆ ಬೀಳುತ್ತಮ್ಮ," ಎಂದರು. "ಇಪ್ಪತ್ತಾರು ಹತ್ತು ಅಂತ ಬರೆದಿರೋದು ಇದೊಂದರಲ್ಲೇ. ಗುರುವಾರ ನಿಮ್ಮ ತಮ್ಮನ ಪುಸ್ತಕವೇ ಮಾತಾಡುತ್ತೆ, ಹೊಸ ಗುಂಡಿ ತೋಡ್ತಾರೆ."

ಅವಳು ಬೆಂಚಿನ ಮೇಲೆ ಕುಳಿತಳು. ಆಮೇಲೆ ಎದ್ದು ಲಾಕಪ್ಪಿನ ಹತ್ತಿರ ಹೋಗಿ ಕರೆದಳು. ಗೋಡೆಗೆ ಮುಖ ಮಾಡಿ ಕುಳಿತಿದ್ದ ತಮ್ಮ ತಿರುಗಲಿಲ್ಲ.

"ಬಾವಿ ಬತ್ತಿದೆ ಕಣೋ ಅಂತ ಇವನ ಮುಂದೆ ಎಷ್ಟು ಬಡ್ಕೊಂಡೆ," ಎಂದಳು ಇನ್‌ಸ್ಪೆಕ್ಟರಿಗೆ. "ನನ್ನ ಮಾತು ಕಿವಿಗೇ ಹಾಕ್ಕೊಳಲ್ಲ ಅಂತ ಸಿಟ್ಟು ಬಂದು ಮಾತು ಬಿಟ್ಟಿದ್ದೆ."

ಕಂಬಿಯೊಳಗೆ ಕೈ ಚಾಚಿ ಅವನ ಭುಜ ಮುಟ್ಟಿದಳು. ಅವನು ತಿರುಗಿದ.

"ದೂರು ಹಾಗೇ ಇರುತ್ತೆ," ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. "ನಿನ್ನ ಹೆಂಡತೀನ ನಾನು ನೋಡ್ಕೋತೀನಿ."

ಅವನು ಅವಳ ತುಟಿಯನ್ನೇ ನೋಡಿ ತಲೆಯಾಡಿಸಿದ. ಅರ್ಥವಾಯಿತೋ ಇಲ್ಲವೋ ಎಂದು ಅವಳಿಗೆ ಖಾತ್ರಿಯಾಗಲಿಲ್ಲ. ಅದನ್ನೇ ಇನ್ನೊಮ್ಮೆ ಹೇಳಬೇಕಾಯಿತು.