ಕಲ್ಲಿದ್ದಲ ಮೂಟೆಯ ಹಿಂದಿನ ತಂತಿ

ಎರಡನೆಯ ಬ್ಯಾಟರಿಗೂ ಮೀಟರಿನ ಕಡ್ಡಿಗಳನ್ನು ಒತ್ತಿ ಹಿಡಿದ ಲಿನೆಟ್ ಹುಬ್ಬು ಗಂಟಿಕ್ಕಿದಳು. ಹನ್ನೆರಡು ಪಾಯಿಂಟ್ ಏಳು ವೋಲ್ಟ್. ಮೊದಲನೆಯದೂ ಅಷ್ಟೇ ತೋರಿಸಿತ್ತು.

ಇಷ್ಟು ಚೆನ್ನಾಗಿರಲು ಸಾಧ್ಯವೇ ಇಲ್ಲ. ಚಾರ್ಜ್ ತಪ್ಪಿಸಿ ರಾತ್ರಿಯಿಡೀ ಸುಮ್ಮನೆ ಬಿಟ್ಟರೆ ಮಾತ್ರ ಬ್ಯಾಟರಿ ನಿಜ ಹೇಳುತ್ತದೆ ಎಂದು ನಿನ್ನೆ ಸಂಜೆಯೇ ಸೋಲಾರ್ ಬಿಚ್ಚಿದ್ದಳು. ಫ್ರಿಜ್ ಆರಿಸಲು ಮರೆತಿದ್ದಳು. ಅವಳು ವಾಸವಿದ್ದ ದೋಣಿಯ ದೀಪ, ಫ್ರಿಜ್, ನೀರೆತ್ತುವ ಪಂಪು, ಎಲ್ಲವನ್ನೂ ಆರು ವರ್ಷದಿಂದ ಹೊತ್ತ ಮುದಿ ಬ್ಯಾಟರಿಗಳು ಇವು. ರಾತ್ರಿಯಿಡೀ ದುಡಿದೂ ಬೆಳಿಗ್ಗೆ ಮದುವಣಗಿತ್ತಿಯ ಹಾಗೆ ಹೊಳೆಯುವುದೆಂದರೇನು?

ಕಲ್ಲಿದ್ದಲ ಮೂಟೆಯನ್ನು ಪಕ್ಕಕ್ಕೆಳೆದು ಹಿಂದೆ ಕೈಯಾಡಿಸಿದಳು. ಬೆರಳಿಗೆ ಒಂದು ತಂತಿ ಸಿಕ್ಕಿತು. ಅವಳದಲ್ಲದ್ದು. ಗಾಳಿಕಿಂಡಿಯಿಂದ ಹೊರಬಿದ್ದು, ಮೈಗೆ ಮೈ ತಾಗಿಸಿ ಕಟ್ಟಿದ್ದ ಪಕ್ಕದ ದೋಣಿಯೊಳಕ್ಕೆ ಹೋಗಿತ್ತು.

ಡೆಸ್ಮಂಡನ ದೋಣಿಯೊಳಕ್ಕೆ.

ಅದರ ಕ್ಲಿಪ್ ಕಿತ್ತು ಪಂಪ್ ಹಾಕಿದಳು. ಮೀಟರು ಇಳಿಯತೊಡಗಿತು: ಹನ್ನೆರಡೂ ಕಾಲು, ಹನ್ನೊಂದೂವರೆ, ಹತ್ತೂ ಮುಕ್ಕಾಲು. ಪಂಪು ನರಳಿ ನಿಂತೇ ಹೋಯಿತು.

ಲಿನೆಟ್ ಅಲ್ಲೇ ಮಂಡಿಯೂರಿ ಕುಳಿತಳು. ನವೆಂಬರಿನಲ್ಲಿ ಅವಳು ಜ್ವರದಿಂದ ಮಲಗಿದ್ದಾಗ ಬ್ಯಾಟರಿಗೆ ನೀರು ತುಂಬಲು ಒಳಗೆ ಬಂದವನು ಅವನೊಬ್ಬನೇ. ಆಮೇಲೆ ಚಳಿಗಾಲವಿಡೀ ಪಬ್ಬಿನಲ್ಲಿ ಅವಳು ತನ್ನ ಬ್ಯಾಟರಿಗಳನ್ನು ಹೊಗಳಿದ್ದೇ ಹೊಗಳಿದ್ದು. ಅವನು ಬಿಯರಿನ ನೊರೆ ನೋಡುತ್ತ ಸುಮ್ಮನಿರುತ್ತಿದ್ದ.

ಇವತ್ತು ಬೆಳಗಿನ ಉಬ್ಬರಕ್ಕೆ ಅವಳು ಕಾಲುವೆ ಬಿಟ್ಟು ಟ್ರೆಂಟ್ ನದಿಗಿಳಿಯುವವಳು. ನದಿಯ ಮೇಲ್ಗಡೆ ಅಕ್ಕನ ಊರಿನಲ್ಲಿ ದೋಣಿ ಕಟ್ಟಲು ಕಾಯಂ ಜಾಗ ಸಿಕ್ಕಿತ್ತು. ಅವಳ ದೋಣಿಯ ಹಿಂಭಾಗದಲ್ಲಿ ನೀರು ಜಿನುಗುತ್ತದೆ. ನದಿಯ ಸೆಳೆತದಲ್ಲಿ ಪಂಪು ನಿಂತರೆ ಏನಾಗುತ್ತದೆಂದು ಅವಳಿಗೆ ಗೊತ್ತಿದ್ದಷ್ಟೇ ಡೆಸ್ಮಂಡನಿಗೂ ಗೊತ್ತು. ನಿನ್ನೆ ಸಂಜೆ ಹೊರಡುತ್ತೇನೆ ಎಂದಾಗ ಅವನು ಹೇಳಿದ್ದು ಒಂದೇ ಮಾತು: “ಹೂಂ, ಒಳ್ಳೇದು.”

ಅವಳು ಕ್ಲಿಪ್ಪನ್ನು ಇದ್ದಲ್ಲೇ ಕಚ್ಚಿಸಿದಳು. ಮೂಟೆ ಎಳೆದು ಮುಚ್ಚಿದಳು. ಕೈ ಒರೆಸಿಕೊಂಡು ಮೇಲೆ ಬಂದಳು.

ಡೆಸ್ಮಂಡ್ ತನ್ನ ದೋಣಿಯ ಮೇಲೆ ಚಹಾದ ಮಗ್ ಹಿಡಿದು ನಿಂತಿದ್ದ. ಗಡ್ಡ ಟ್ರಿಮ್ ಮಾಡಿಕೊಂಡಿದ್ದ. ಒಂದು ಕಡೆ ಜಾಸ್ತಿ ಹೋಗಿತ್ತು.

“ಏನು ಕ್ಯಾಪ್ಟನ್ನಮ್ಮ, ಬೆಳಿಗ್ಗೆ ಬೆಳಿಗ್ಗೆನೇ ಮುಖಕ್ಕೆ ಮಸಿ?”

“ನಿನ್ನ ಗಡ್ಡಕ್ಕೇನಾಯ್ತು? ಇಲಿ ಮೇಯ್ತಾ?”

ಅವನು ನಕ್ಕ. ಕಣ್ಣು ನಗಲಿಲ್ಲ.

“ಬ್ಯಾಟರಿ ಚೆಕ್ ಮಾಡ್ದೆ ಡೆಸ್. ಹನ್ನೆರಡು ಪಾಯಿಂಟ್ ಏಳು,” ಎಂದಳು ಅವನ ಮುಖದಿಂದ ಕಣ್ಣು ಕೀಳದೆ. “ನದಿಗೆ ಸಾಕಲ್ವಾ? ನೀನೇನಂತೀಯಾ?”

ಮಗ್ಗಿನಲ್ಲಿ ಚಹಾ ತುಳುಕಿತು. ದೋಣಿಗಳನ್ನು ಕಾಲುವೆಯಿಂದ ನದಿಗಿಳಿಸುವ ಲಾಕಿನ ಮೇಲಿಂದ, ಅದರ ಗೇಟು ಕಾಯುವ ವಿನ್ಸ್ ಕೂಗಿದ: “ಲಿನೆಟ್! ನೀರು ಏರ್ತಾ ಇದೆ. ಬರ್ತೀಯೋ, ಇಲ್ಲ ಮದುವೆ ಮಾತುಕತೆ ಮುಗಿಸಿ ಬರ್ತೀಯೋ?”

“ಬಂದೆ!”

ಮುಂದಿನ ಹಗ್ಗ ಬಿಚ್ಚಿದಳು. ಎರಡು ದೋಣಿಗಳ ನಡುವೆ ಅಂಗೈಯಗಲ ನೀರು ಕಂಡಿತು. ಡೆಸ್ಮಂಡ್ ಅದನ್ನೇ ನೋಡಿದ. “ಒಂದ್ನಿಮಿಷ,” ಎಂದವನೇ ಒಳಗೆ ನುಗ್ಗಿದ.

ಲಿನೆಟ್‌ಳ ಕೈ ಹಿಂದಿನ ಹಗ್ಗಕ್ಕೆ ಹೋಯಿತು. ತಂತಿಯ ಆ ತುದಿ ಅಲ್ಲೇ ಇತ್ತು, ಅವನ ಕೈಗೆಟುಕುವಲ್ಲಿ. ಸದ್ದಿಲ್ಲದೆ ಕಿತ್ತು, ಹಲ್ಲು ಬಿಡುತ್ತ ಬಂದು ಕೈಬೀಸಿ ಕಳಿಸಿಬಿಡಬಹುದು. ಹಾಗೆ ಮಾಡಿದರೆ ಈ ಚಳಿಗಾಲವೆಲ್ಲ, ಕಿಟಕಿಗೆ ಕಿಟಕಿ ಎದುರಾಗಿ ಕುಳಿತು ಆಡಿದ ಇಸ್ಪೀಟು, ಅವನು ಬೇಕೆಂದೇ ಸೋತ ಆಟಗಳು, ಎಲ್ಲ ಯಾವ ಲೆಕ್ಕ? ಗಂಟಿನ ಮೇಲೆ ಅವಳ ಬೆರಳು ನಿಂತಿತು. ಬಿಚ್ಚಲಿಲ್ಲ, ಬಿಡಲೂ ಇಲ್ಲ.

ಅವನು ಹೊರಬಂದ. ಬರಿಗೈ.

“ಆ ಹಗ್ಗ ಬಿಡು ಲಿನ್.”

“ವಿನ್ಸ್ ಕಾಯ್ತಿದಾನೆ.”

“ಕಾಯ್ಲಿ ಬಿಡೇ!” ಅವನು ದಾಟಿ ಬಂದು ಹಗ್ಗದ ಮೇಲೆ ಕೈಯಿಟ್ಟ. “ಆ ಹನ್ನೆರಡು ಪಾಯಿಂಟ್ ಏಳು ನಿನ್ನದಲ್ಲ. ನಂದು. ನಿನ್ನ ಬ್ಯಾಟರಿ ನವೆಂಬರ್‌ನಲ್ಲೇ ಸತ್ತೋಗಿವೆ. ನೀನು ಜ್ವರದಲ್ಲಿ ಮಲಗಿದ್ದೆ, ಹೀಟರ್ ನಿಂತೋದ್ರೆ ಅಂತ ನನ್ನ ಕಡೆಯಿಂದ ಒಂದು ತಂತಿ ಎಳೆದೆ. ಆಮೇಲೆ ಹೇಳೋಣ ಅಂದ್ರೆ, ನೀನು ಊರಿಗೆಲ್ಲ ಹೊಗಳಿಕೊಂಡು ಓಡಾಡ್ತಿದ್ದೆ.”

“ನಿನ್ನೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿನ್ನ ಹಿಡಿದಿಟ್ಕೊಳ್ಳೋಕೆ ಮಾಡಿದ ನಾಟಕ ಅಂದ್ಕೊತೀಯ ಅಂತ. ರಾತ್ರಿ ನಿದ್ದೇನೇ ಬರ್ಲಿಲ್ಲ.” ಅವನ ದನಿ ತಗ್ಗಿತು. “ಹೋಗೋದಾದ್ರೆ ಹೋಗು. ಹೊಸ ಬ್ಯಾಟರಿ ನಾನೇ ಕೂರಿಸಿಕೊಡ್ತೀನಿ. ಆದ್ರೆ ಲಿನ್... ಹೋಗ್ಬೇಡ ಕಣೇ. ಇದು ನಾಟಕ ಅಲ್ಲ, ಕೇಳ್ತಾ ಇದೀನಿ.”

ಅವಳು ಹಗ್ಗದಿಂದ ಕೈ ತೆಗೆದಳು. ಅವನೇ ಕೆಳಗಿಳಿದು, ಮೂಟೆ ಎಳೆದು, ಕಚ್ಚಿಕೊಂಡಿದ್ದ ಕ್ಲಿಪ್ಪನ್ನು ತೋರಿಸಿದ, ತಪ್ಪು ಮಾಡಿದ ಹುಡುಗನ ಹಾಗೆ. ಅವಳೂ ಇಳಿದು, ಬಗ್ಗಿ, ಮೊದಲ ಸಲ ನೋಡುವವಳ ಹಾಗೆ ನೋಡಿದಳು.

“ಲಿನೆಟ್!” ಮೇಲಿಂದ ವಿನ್ಸ್.

“ಇವತ್ತಿಲ್ಲ ವಿನ್ಸ್!” ಅವಳು ಅಲ್ಲಿಂದಲೇ ಕೂಗಿದಳು. “ಬ್ಯಾಟರಿ ಕೆಟ್ಟಿದೆ!”

“ನೀನು ಹೊಗಳ್ತಿದ್ದವೇನಾ?”

“ಹೂಂ, ಅವೇ!”

ಡೆಸ್ಮಂಡ್ ತಲೆಯೆತ್ತಿದ. ಅರ್ಧಂಬರ್ಧ ಗಡ್ಡದಲ್ಲಿ ನಗು ಬರಲೋ ಬೇಡವೋ ಎಂದು ಕಾಯುತ್ತಿತ್ತು. “ಕೋಪ ಬಂದಿಲ್ವಾ?”

“ಬಂದಿದೆ. ಮೊದಲು ಆ ಹಗ್ಗ ಕಟ್ಟು. ಆಮೇಲೆ ಕೂರಿಸಿಕೊಂಡು ಬೈತೀನಿ.”

ಅವನು ಹಾರಿ ಹೋಗಿ ಬಿಚ್ಚಿದ್ದ ಹಗ್ಗ ಎಳೆದ. ನಡುವಿನ ನೀರು ಕಿರಿದಾಗುತ್ತ ಮುಚ್ಚಿತು. ದೋಣಿಗೆ ದೋಣಿ ಮೆಲ್ಲಗೆ ತಾಗಿತು. ಗಂಟು ಹಾಕುತ್ತ ಅವನು ಶಿಳ್ಳೆ ಹೊಡೆಯತೊಡಗಿದ್ದ, ಎದೆಯ ಭಾರ ಇಳಿಸಿದವನ ಶಿಳ್ಳೆ.

ಲಿನೆಟ್ ಕೆಳಗೇ ಉಳಿದಳು. ಮೀಟರನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟಳು. ಅವನು ಬಾಯಿಬಿಡುವ ಮೊದಲೇ ತನಗೆ ಎಲ್ಲ ತಿಳಿದಿತ್ತೆಂದು, ಕೈಯಲ್ಲಿ ಹಗ್ಗ ಹಿಡಿದು ಅವನನ್ನೇ ಅಳೆಯುತ್ತ ನಿಂತಿದ್ದೆನೆಂದು, ಅವನಿಗೆ ಎಂದೂ ಹೇಳಬಾರದು. ಹೇಳಿದ್ದು ಅವನೇ, ಅದು ಪೂರ್ತಿ ಅವನದಾಗಿಯೇ ಇರಲಿ.

ಮುಖದ ಮಸಿಯನ್ನು ಒರೆಸಿಕೊಂಡು, ಬೈಯಲು ಮೇಲೆ ಹತ್ತಿದಳು.