ಮೇಸ್ತ್ರಿಯ ಲಕೋಟೆ

ನಡುನೀರಿನಲ್ಲಿ ಕೈಬಿಟ್ಟಳಲ್ಲ ಎಂಬುದೇ ಮೇಸ್ತ್ರಿಯ ಸಂಕಟ. ಗಾಜಿನ ಸಾಮಾನು ಕಟ್ಟಿ ಕಳಿಸುವ ಆ ಗೋದಾಮಿನಲ್ಲಿ ಅವನ ಕಾಗದಗಳನ್ನೆಲ್ಲ ಇಷ್ಟು ವರ್ಷ ಟೈಪಿಸ್ಟ್ ಹುಡುಗಿಯೇ ಗುಟ್ಟಾಗಿ ಬರೆದುಕೊಡುತ್ತಿದ್ದಳು. ಅವನು ಬಾಯಲ್ಲಿ ಹೇಳುವುದು, ಅವಳು ತಿದ್ದಿ ಟೈಪು ಮಾಡುವುದು, ಕೆಳಗೆ ಅವನು ಸಹಿ ಎಳೆಯುವುದು. ಈಗ ಹೊಸ ಮ್ಯಾನೇಜರು ಕಚೇರಿ ಪತ್ರ ಬರೆಯುವುದನ್ನು ಕಲಿಸಲು ಒಬ್ಬ ಮೇಡಂ ಅವರನ್ನು ಕರೆಸಿ, ಕೊನೆಗೆ ಎಲ್ಲರಿಗೂ ಒಂದು ಪರೀಕ್ಷೆಯನ್ನೂ ಇಟ್ಟಿದ್ದರು. ಫೇಲಾದರೆ ಟೈಪಿಸ್ಟ್ ಕೆಲಸ ಬಿಡಬೇಕು, ಮೇಸ್ತ್ರಿ ಮತ್ತೆ ಪೆಟ್ಟಿಗೆ ಹೊರಬೇಕು. ಅವನ ಸೊಂಟಕ್ಕೆ ಆ ಕಾಲ ಮುಗಿದಿತ್ತು.

"ಈ ಸಲ ನೀವೇ ಬರೀಬೇಕು ಅಣ್ಣ. ಮೇಡಂದು ಹದ್ದಿನ ಕಣ್ಣು," ಎಂದಿದ್ದಳು ಟೈಪಿಸ್ಟ್.

"ನನ್ನ ಅಕ್ಷರ ನೋಡಿದ್ರೆ ಹದ್ದೂ ಹಾರಿಹೋಗುತ್ತೆ ಕಣಮ್ಮ," ಎಂದು ನಕ್ಕಿದ್ದ.

ಪರೀಕ್ಷೆಯಲ್ಲಿ, ಒಡೆದ ಲೋಟ ತಲುಪಿದ ಗಿರಾಕಿಗೆ ಪತ್ರ ಬರೆಯಬೇಕಿತ್ತು. 'ಒಡೆದದ್ದು ಒಡೆಯಿತು' ಎಂದು ಬರೆದು ಅವನ ಪೆನ್ನು ನಿಂತಿತು. ಪಕ್ಕದಲ್ಲಿದ್ದ ಅವಳು ಒಮ್ಮೆ ಅವನ ಹಾಳೆಯತ್ತ ಕಣ್ಣು ಹಾಯಿಸಿ, ಮತ್ತೆ ಬರೆಯತೊಡಗಿದಳು. ಕಂಪನಿಯೇ ಬರೆದಂತಿರಲಿ, ಪತ್ರದಲ್ಲಿ ಹೆಸರು ಬೇಡ ಎಂದಿದ್ದರು ಮೇಡಂ. ಲಕೋಟೆ ಅಂಟಿಸಿ, ಹೆಸರಿನ ಚೀಟಿಯನ್ನು ಹೊರಗೆ ಗುಂಡುಸೂಜಿಯಿಂದ ಚುಚ್ಚಬೇಕು. ಅವಸರದಲ್ಲಿ ಸೂಜಿ ಅವನ ಬೆರಳಿಗೇ ಚುಚ್ಚಿ ರಕ್ತದ ಹನಿ ಲಕೋಟೆಯ ಮೂಲೆಗೆ ಅಂಟಿತು. ಆ ಉರಿಯಲ್ಲೇ ದಾರಿ ಹೊಳೆಯಿತು. ಅಷ್ಟರಲ್ಲಿ ಟೈಪಿಸ್ಟೇ ಎದ್ದು ಎಲ್ಲರ ಲಕೋಟೆ ಒಟ್ಟುಮಾಡಿ ಮೇಜಿನ ಮೇಲಿಟ್ಟಳು.

ಲಕೋಟೆ ಬಿಚ್ಚುವುದೇ ಬೇಡ. ತನ್ನ ಚೀಟಿ ಅವಳದ್ದಕ್ಕೆ, ಅವಳ ಚೀಟಿ ತನ್ನದಕ್ಕೆ; ಅಷ್ಟೇ. ಅವಳು ಯಾವಾಗಲೂ ಟೈಪು ಮಾಡುವವಳು, ಕೈಬರಹ ಯಾರೂ ಕಂಡಿಲ್ಲ. ತನ್ನದಂತೂ ಬರೀ ಸಹಿ. ಅವಳು ಬಾಯಿಬಿಟ್ಟರೆ ಇಷ್ಟು ವರ್ಷದ ಗುಟ್ಟೂ ಹೊರಬಿದ್ದು ಅವಳ ತಲೆಗೇ ಸುತ್ತಿಕೊಳ್ಳುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳ ಅನ್ನ ಹೋಗುತ್ತದಲ್ಲ ಎಂದು ಮನಸ್ಸು ಒಮ್ಮೆ ಕುಟುಕಿತು. ಚಿಕ್ಕ ವಯಸ್ಸು, ಬೇರೆ ಕಡೆ ಸಿಗುತ್ತದೆ ಎಂದು ಅದರ ಬಾಯಿ ಮುಚ್ಚಿಸಿದ.

ಎಲ್ಲರೂ ಊಟಕ್ಕೆ ಹೋದಾಗ, ಕನ್ನಡಕ ಮರೆತವನಂತೆ ಒಳಗೆ ಬಂದ. 'ಕಳಿಸುವ ಮುನ್ನ ಇನ್ನೊಮ್ಮೆ ನೋಡಿ' ಎಂಬ ಮೇಡಂ ಪಾಠ ಬೋರ್ಡಿನ ಮೇಲೆ ಇನ್ನೂ ಅಳಿಸಿರಲಿಲ್ಲ. ಎರಡು ಹೆಸರು ಹುಡುಕಿಕೊಂಡ. ಆಮೇಲೆ ಕೈ ತನ್ನ ಪಾಡಿಗೆ ಚೀಟಿ ಬದಲಿಸುತ್ತಿದ್ದರೆ ಕಣ್ಣು ಬಾಗಿಲ ಮೇಲೇ ಇತ್ತು. ಯಾರೂ ಬರಲಿಲ್ಲ.

ಊಟ ಮುಗಿದು ಎಲ್ಲರೂ ಕೂತ ಮೇಲೆ ಮ್ಯಾನೇಜರು ಗಟ್ಟಿಯಾಗಿ ಓದಲು ಲಕೋಟೆಗಳನ್ನು ಹತ್ತಿರ ಎಳೆದುಕೊಂಡರು. ಟೈಪಿಸ್ಟ್ ಅವನತ್ತ ಬಾಗಿದಳು. "ಯಾಕಣ್ಣ ಇಷ್ಟು ಬೆವರ್ತಿದೀರಾ? ನಂಗೆ ಬೇರೆ ಕಡೆ ಕೆಲಸ ಸಿಕ್ಕಿದೆ, ಫೇಲಾದ್ರೂ ಚಿಂತೆಯಿಲ್ಲ. ಒಟ್ಟುಮಾಡುವಾಗ್ಲೇ ನಿಮ್ಮ ಚೀಟಿ ನನ್ನ ಲಕೋಟೆಗೆ, ನನ್ನ ಚೀಟಿ ನಿಮ್ಮದಕ್ಕೆ ಚುಚ್ಚಿಟ್ಟಿದೀನಿ. ಆರಾಮಾಗಿ ಕೂತ್ಕೊಳ್ಳಿ." ಮ್ಯಾನೇಜರು ಮೊದಲ ಲಕೋಟೆ ಎತ್ತಿ ಮೇಸ್ತ್ರಿಯ ಹೆಸರು ಕೂಗಿದರು. ಅದರ ಮೂಲೆಯಲ್ಲಿ ರಕ್ತದ ಚುಕ್ಕೆಯೊಂದು ಒಣಗಿ ಕಂದಾಗಿತ್ತು.